ಬಿರಡೆ ಹಿಡಿದ ಹಗ್ಗ

ಬಂದರಿನ ಬಡಗಿಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಬಿರಡೆ. ಆಳು ಗಿಡ್ಡ, ಮೈ ದುಂಡಗೆ, ಕುತ್ತಿಗೆ ಎಲ್ಲಿದೆಯೆಂದು ಹುಡುಕಬೇಕು. ಕೆಲಸವೂ ದೋಣಿಗಳ ತೂತು ಮುಚ್ಚುವುದೇ. ಹೆಸರು ಅಂಟಿಕೊಳ್ಳಲು ಇನ್ನೇನು ಬೇಕು? ನೀರು ನುಗ್ಗುತ್ತಿರುವಾಗ ಕೈಗೆ ಸಿಕ್ಕಿದ್ದನ್ನು ತುರುಕಿ ದೋಣಿ ಉಳಿಸುವುದರಲ್ಲಿ ಅವನು ಎತ್ತಿದ ಕೈ. ಒಮ್ಮೆ ಯಾರದೋ ಊಟದ ಡಬ್ಬಿಯ ಕ್ಯಾರೆಟ್ಟನ್ನು ಕೆತ್ತಿ ಒಡೆದ ಕೊಳವೆಗೆ ಜಡಿದಿದ್ದ. ಹಳೇ ಬನಿಯನ್, ಮೇಣದ ಬತ್ತಿ, ಚಪ್ಪಲಿಯ ಅಟ್ಟೆ, ಅವನಿಗೆ ಯಾವುದಾದರೂ ಸರಿ. “ನೀರನ್ನ ಪೂರ್ತಿ ನಿಲ್ಲಿಸೋಕೆ ಹೋಗ್ಬೇಡಿ. ಕಮ್ಮಿ ಮಾಡಿ, ದಡ ಸೇರಿ. ಮಿಕ್ಕಿದ್ದು ಆಮೇಲೆ” ಎನ್ನುತ್ತಿದ್ದ.

ಅಕ್ಕನ ಸಂಸಾರದಲ್ಲೂ ಅವನು ಮಾಡಿದ್ದು ಇದನ್ನೇ. ಅಕ್ಕ ತುಟಿ ಒಡೆಸಿಕೊಂಡು, ಕಣ್ಣು ಊದಿಸಿಕೊಂಡು ಇವನ ಬಾಗಿಲಿಗೆ ಬಂದಾಗಲೆಲ್ಲ ಭಾವನನ್ನು ಕರೆಸಿ, ಕಾಫಿ ಕೊಟ್ಟು, ನಾಲ್ಕು ಬುದ್ಧಿಮಾತು ಹೇಳಿ ಇಬ್ಬರನ್ನೂ ಒಟ್ಟಿಗೆ ಕಳಿಸಿಬಿಡುತ್ತಿದ್ದ. ಅಂಥ ರಾಜಿಗೆ ಬೆಂಕಿ ಹಾಕ! ಆದರೆ ಅವನ ತಲೆಯಲ್ಲಿ ಇದ್ದದ್ದು ಒಂದೇ: ತಾಯಿಯಿಲ್ಲದ ತನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಗಂಡನಿಲ್ಲದವಳಾಗಬಾರದು.

ಒಂದು ಬೆಳಿಗ್ಗೆ ಭಾವ ತನ್ನ ಹಾಯಿದೋಣಿ ಎಲ್ಲೋ ಒಸರುತ್ತಿದೆ, ಬಂದು ನೋಡು ಎಂದ. ದೋಣಿ ಓಡುವಾಗಲೇ ನೋಡಬೇಕೆಂದು ಇಬ್ಬರೂ ಹೊರಟರು. ಗಾಳಿ ಚೆನ್ನಾಗಿತ್ತು. ದಡ ಹಿಂದೆ ಸರಿದ ಮೇಲೆ ಬಿರಡೆ ಕೇಳಿದ.

“ಅಕ್ಕನ ಕೈ ಹೇಗಿದೆ ಭಾವ? ಮೆಟ್ಟಿಲಿಂದ ಬಿದ್ಲು ಅಂದ್ರಿ.”

ಚುಕ್ಕಾಣಿ ಹಿಡಿದಿದ್ದ ಭಾವ ನಕ್ಕುಬಿಟ್ಟ. “ಯಾವ ಮೆಟ್ಟಿಲೋ? ನಾನೇ ತಿರುಚಿದೆ, ಲಟಕ್ ಅಂತು. ಕೈ ಮುರಿದ್ರೂ ಬಾಯಿ ಮುರೀಲಿಲ್ಲ ನೋಡು, ನಿಮ್ಮಕ್ಕಂದು.”

ಬಿರಡೆಗೆ ಪಿತ್ತ ನೆತ್ತಿಗೇರಿತು. ಹಾರಿ ಭಾವನ ಕುತ್ತಿಗೆಗೇ ಕೈ ಹಾಕಿದ. ಇಬ್ಬರೂ ಹಲಗೆಯ ಮೇಲೆ ಉರುಳಿದರು. ಭಾವ ಅವನ ಕಿವಿ ಕಚ್ಚಿದ, ಅವನು ಭಾವನ ಮೂಗಿಗೆ ಹಣೆಯಿಂದ ಗುದ್ದಿದ, ರಕ್ತ ಬುಳಬುಳನೆ ಇಳಿಯಿತು. ಭಾವ ಕೊಸರಿಕೊಂಡು ಎದ್ದವನೇ ನೀರೆತ್ತುವ ಪಂಪಿನ ಕಬ್ಬಿಣದ ಹಿಡಿ ಕಿತ್ತು ಬೀಸಿದ. ಮೊದಲ ಏಟಿಗೆ ಬಿರಡೆಯ ಎಡಭುಜ ಪುಡಿಯಾಯಿತು. ಎರಡನೆಯದು ತಪ್ಪಿ, ಹಿಡಿ ಕೈಜಾರಿ ಸಮುದ್ರಕ್ಕೆ ಬಿತ್ತು. ಚುಕ್ಕಾಣಿ ನೋಡುವವರು ಯಾರು? ದೋಣಿ ತನ್ನಷ್ಟಕ್ಕೆ ತಿರುಗಿ ನೀರಡಿಯ ಬಂಡೆಗೆ ಧಡ್ಡೆಂದು ಬಡಿದು, ಕೆರೆದುಕೊಂಡು ಆಚೆ ಹೋಯಿತು.

ಬಿರಡೆ ಹಲಗೆಯಡಿಯ ಪುಟ್ಟ ಕೋಣೆಗೆ ಧುಮುಕಿದ. ಹಾಸಿಗೆಯ ಕೆಳಗಿನ ಹಲಗೆ ಒಡೆದು, ಅಂಗೈಯಗಲದ ತೂತಿನಿಂದ ನೀರು ಒದ್ದುಕೊಂಡು ಬರುತ್ತಿತ್ತು. ಪಂಪು ಇದ್ದೂ ಇಲ್ಲದಂತೆ. ದಿಂಬು ತುರುಕಿದ, ನೀರು ಅದನ್ನು ಅವನ ಮುಖಕ್ಕೇ ಎಸೆಯಿತು. ಹಾಸಿಗೆಯನ್ನು ಬಲಗೈಯಲ್ಲೇ ಮಡಚಿ, ಮೊಣಕಾಲಿನಿಂದ ಒತ್ತಿ, ಮೇಲೆ ಪೆಟ್ಟಿಗೆಯ ಮುಚ್ಚಳವಿಟ್ಟು, ಹುಟ್ಟನ್ನು ಅಡ್ಡ ಕೊಟ್ಟು ಎದುರು ಗೋಡೆಗೆ ಊರಿದ. ಹುಟ್ಟಿನ ಬುಡಕ್ಕೆ ಬೆಣೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ನೀರಿನ ರಭಸ ತಗ್ಗಿತು.

“ಗಟ್ಟಿಯಾಗಿ ಹೊಡಿಯೋ ಹೆಣವೇ!” ಎಂದು ಹಿಂದೆಯೇ ಇಳಿದುಬಂದ ಭಾವ ಸುತ್ತಿಗೆ ಕಿತ್ತುಕೊಂಡು ಬೆಣೆಗೆ ಜಪ್ಪಿದ.

“ಬೇಡ, ಸೀಳತ್ತೆ!” ಎನ್ನುವಷ್ಟರಲ್ಲಿ ಹಲಗೆ ಚಟಚಟನೆ ಮೊಳದುದ್ದ ಬಿರಿಯಿತು. ಎಲ್ಲಕ್ಕೂ ಹೊಡೆತವೇ ಮದ್ದು ಎಂದುಕೊಂಡವನಿಗೆ ಮರವಾದರೇನು, ಹೆಂಡತಿಯಾದರೇನು? ಬಿರಡೆ ಅವನ ಹೊಟ್ಟೆಗೆ ಒದ್ದು ಕೆಡವಿದ.

“ಎದ್ದೇಳು! ಚಿಕ್ಕ ಹಾಯಿ ಬಿಚ್ಚು. ಮೂಲೆಮೂಲೆಗೆ ಹಗ್ಗ ಕಟ್ಟು. ಹೊರಗಿಂದ ಮುಚ್ಚೋಣ, ನೀರೇ ಅದನ್ನ ಒತ್ತಿ ಹಿಡಿಯತ್ತೆ.” ಅಕ್ಕನ ಮದುವೆಯಾದಾಗಿನಿಂದ ಭಾವನಿಗೆ ಬಹುವಚನ ಬಿಡದಿದ್ದವನು ಅಂದು ಏಕವಚನಕ್ಕೆ ಇಳಿದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಹಾಯಿಯನ್ನು ದೋಣಿಯ ತಳದಡಿಗೆ ಎಳೆದರು. ಅರ್ಧಕ್ಕೆ ಹೋಗಿ ಸೀಳಿದ ಹಲಗೆಗೆ ಸಿಕ್ಕಿಹಾಕಿಕೊಂಡಿತು. ಯಾರಾದರೂ ನೀರಿಗಿಳಿದು ಬಿಡಿಸಬೇಕು. ಬಿರಡೆಯ ಭುಜ ನೇತಾಡುತ್ತಿತ್ತು. ಭಾವ ಅಳುತ್ತಾ, ಬೈಯುತ್ತಾ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದ. ಸಿಕ್ಕಿಕೊಂಡ ಹಾಯಿ ಬಿಡಿಸಿದ. ಒಳನುಗ್ಗುವ ನೀರು ಹಾಯಿಯನ್ನು ಸೆಳೆದು ಬಿರುಕಿಗೆ ಅಂಟಿಸಿತು. ಅದೇ ಹೊತ್ತಿಗೆ ಅಲೆ ದೋಣಿಯನ್ನೆತ್ತಿ ಭಾವನ ತಲೆಗೆ ಕುಕ್ಕಿತು. ಅವನು ಪ್ರಜ್ಞೆ ತಪ್ಪಿ ಮುಳುಗಿದ.

ಹಗ್ಗ ಬಿರಡೆಯ ಬಲಗೈಯಲ್ಲಿತ್ತು. ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ತೂತು ಮುಚ್ಚಿತ್ತು, ದೋಣಿಗೆ ಭಾವ ಬೇಕಾಗಿರಲಿಲ್ಲ. ಬಿಡಬೇಕೆಂದು ಅವನಿಗೆ ನಿಜಕ್ಕೂ ಅನ್ನಿಸಿತು. ಬೆರಳು ಸಡಿಲಿಸಿದ, ಹಗ್ಗ ಒಂದಿಷ್ಟು ಜಾರಿತು ಕೂಡ. ಆಮೇಲೆ ಅಕ್ಕ ನೆನಪಾದಳು. ಹಗ್ಗವನ್ನು ಹಾಯಿಯ ಕಂಬಕ್ಕೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಎಳೆದೆಳೆದು ಆ ಮನುಷ್ಯನನ್ನು ಮೇಲಕ್ಕೆ ಹಾಕಿಕೊಂಡ. ಎಳೆಯುತ್ತಿದ್ದಷ್ಟು ಹೊತ್ತೂ ಅವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಲೇ ಇದ್ದ.

ಬಕೆಟ್ಟಿನಲ್ಲಿ ನೀರು ಮೊಗೆಯುತ್ತಾ ದಡ ಸೇರಿದಾಗ ಕಟ್ಟೆಯ ಮೇಲೆ ಜನ ಮುತ್ತಿದರು. ತಲೆಗೆ ಬಟ್ಟೆ ಸುತ್ತಿಕೊಂಡ ಭಾವ ಎಲ್ಲರಿಗೂ ಹೇಳುತ್ತಿದ್ದ: “ಹಗ್ಗ ಇವನ ಕೈಲಿತ್ತು. ಬಿಟ್ಟಿದ್ರೆ ನನ್ನ ಕಥೆ ಮುಗೀತಿತ್ತು.” ಅಕ್ಕ ಓಡಿ ಬಂದಳು. ಮುರಿದ ಕೈ ಎದೆಗೆ ಕಟ್ಟಿಕೊಂಡಿದ್ದಳು. ಗಂಡನನ್ನು ನೋಡಿದಳು, ಓಡುತ್ತಿದ್ದವಳು ಅಲ್ಲೇ ನಿಂತಳು. ಅವಳ ಮುಖ ಇಳಿದುಹೋದದ್ದನ್ನು ಬಿರಡೆ ಕಂಡ.

ಅವಳು ಹತ್ತಿರ ಬಂದು, ತಮ್ಮನ ಕಿವಿಯ ರಕ್ತ ಸೆರಗಿನಿಂದ ಒರೆಸುತ್ತಾ, ಅವನಿಗಷ್ಟೇ ಕೇಳುವಂತೆ ಅಂದಳು: “ಹಗ್ಗ ನಿನ್ನ ಕೈಲೇ ಇತ್ತೇನೋ?”

“ಹೂಂ ಅಕ್ಕ. ನಿನಗೋಸ್ಕರ ಎಳೆದೆ.”

“ನನಗೋಸ್ಕರ ಆಗಿದ್ರೆ ಬಿಟ್ಟುಬಿಡಬೇಕಿತ್ತು ಕಣೋ.”

ಭುಜ ಮುರಿದಾಗ ಬಾರದ ಕಣ್ಣೀರು ಬಿರಡೆಗೆ ಈಗ ಬಂತು.

“ಏ, ಅಲ್ಲೇನು ಗುಸುಗುಸು? ನಡಿಯೇ ಮನೆಗೆ,” ಎಂದು ಭಾವ ಅವಳ ಜಡೆಗೆ ಕೈ ಚಾಚಿದ. ಬಿರಡೆ ಆ ಮಣಿಕಟ್ಟು ಹಿಡಿದು ತಿರುಚಿದ. ಲಟಕ್ ಎಂದದ್ದು ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಭಾವ ಕಿರುಚುತ್ತಾ ಮೊಣಕಾಲೂರಿದ.

“ಬಾ ಅಕ್ಕ,” ಎಂದ ಬಿರಡೆ. ಅವಳು ಹಿಂತಿರುಗಿ ನೋಡದೆ ಅವನ ಜೊತೆ ನಡೆದಳು.