ಚಿಪ್ಪಿನಲ್ಲಿದ್ದ ಸಾಬೂನು

ಇವತ್ತು ಮಗಳ ವಿಜ್ಞಾನದ ಪುಸ್ತಕದಲ್ಲಿ ಸಾಬೂನಿನ ಕಣದ ಚಿತ್ರ ಕಂಡೆ. ಅದರ ತಲೆಗೆ ನೀರು ಬೇಕು. ಬಾಲಕ್ಕೆ ನೀರು ಆಗದು, ಎಣ್ಣೆ ಬೇಕು.

ನಾನು ಚಿಕ್ಕವಳಿದ್ದಾಗ ರಬಕವಿಯಲ್ಲಿ ಅಪ್ಪ ನೇಯುವ ಸೀರೆಗೆ ಮಗ್ಗದ ಎಣ್ಣೆ ಸಿಡಿದರೆ, ತೆಂಗಿನ ಚಿಪ್ಪಿನಲ್ಲಿದ್ದ ಸಾಬೂನು ಹಚ್ಚಿ ಅಕ್ಕ ಕಸ್ತೂರಿಯೇ ಕಲೆ ತೆಗೆಯುತ್ತಿದ್ದಳು.

"ನಮ್ಮ ಕಸ್ತೂರಿ ಕೈ ಬಂಗಾರ ನೋಡ್ರಿ" ಎಂದು ಅವ್ವ ಓಣಿಗೆಲ್ಲ ಹೇಳುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಆ ಸಾಬೂನನ್ನು ಲಂಗದಲ್ಲಿ ಬಚ್ಚಿಟ್ಟೆ. ಅಕ್ಕ ಬರೀ ನೀರು ಹಚ್ಚಿ ತಿಕ್ಕಿದಳು. ಕಲೆ ಅಂಗೈಯಗಲವಾಯಿತು.

"ಸಾಬಾಣ ಎಲ್ಲಿ ಒಗದೀಯೇ?" ಅವ್ವ ಅಕ್ಕನ ಬೆನ್ನಿಗೆ ಗುದ್ದಿದಳು.

ಅಕ್ಕ ನನ್ನ ಉಬ್ಬಿದ ಲಂಗ ನೋಡಿದಳು. "ನಾನ ಕಳದೇನಿ ಬೇ" ಎಂದಳು.

"ಎಣ್ಣಿ, ನೀರು ಎರಡನ್ನೂ ಒಂದ ಕಣ ಹೆಂಗ ಹಿಡಕೋತೈತಿ?" ಎಂದು ಇವತ್ತು ಮಗಳು ಆ ಚಿತ್ರ ತೋರಿಸಿ ಕೇಳಿದಳು.

"ನಿಮ್ಮ ಕಸ್ತೂರಿ ದೊಡ್ಡವ್ವನ್ನ ಕೇಳು" ಎಂದೆ, ಈಗಲೂ ಹೊಟ್ಟೆಕಿಚ್ಚಿನಿಂದಲೇ.