ಲೈಟ್‌ಹೌಸ್ ಮನೆಯ ಹಂಚು

ಲೈಟ್‌ಹೌಸ್‌ನ ತುದಿಯಲ್ಲಿ ನಿಂತು ಸುಳ್ಳು ಹೇಳಿದ ಪ್ರವಾಸಿ ಬಹುಶಃ ನಾನೊಬ್ಬನೇ. (ಅದೂ ಜೀವನವಿಡೀ ಮಕ್ಕಳಿಗೆ ಸತ್ಯ ಹೇಳಿರೆಂದು ಪಾಠ ಮಾಡಿದ ಮೇಷ್ಟ್ರು.)

ಹೋದ ತಿಂಗಳು ಲಕ್ಷದ್ವೀಪಕ್ಕೆ ಹೋಗಿದ್ದೆ. ಜೊತೆಗೆ ಪಾಣೆಮಂಗಳೂರಿನಲ್ಲಿ ಜಿನಸಿನ ಅಂಗಡಿ ಇಟ್ಟಿರುವ ಹಮೀದಾಕ. ವಯಸ್ಸು ಎಪ್ಪತ್ತು ದಾಟಿದೆ, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಪರ್ಮಿಟ್, ಹಡಗಿನ ಟಿಕೆಟ್, ಡಾಕ್ಟರ ಬೈಗುಳ ಎಲ್ಲ ದಾಟಿ ಅವರು ಹೊರಟದ್ದು ಒಂದು ಹಂಚಿಗಾಗಿ.

ಹೌದು, ಮಾಡಿಗೆ ಹೊದಿಸುವ ಹಂಚು.

ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಏಳು ವರ್ಷದ ಹಮೀದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಒಣಗಲಿಟ್ಟ ಹಸಿ ಹಂಚಿನ ಮೇಲೆ ಅಂಗೈ ಒತ್ತಿದ್ದ. ಮೇಸ್ತ್ರಿಯಿಂದ ಬೆನ್ನಿಗೆ ಎರಡು ಬಿತ್ತು. ತಂದೆ ಹಾಯಿಯ ಮಂಜಿ ದೋಣಿಯಲ್ಲಿ ದ್ವೀಪಕ್ಕೆ ಹಂಚು ಒಯ್ಯುತ್ತಿದ್ದ ಖಲಾಸಿ. ಮುಂದಿನ ಸಲ ಮರಳಿ ಬಂದವರು ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದರಂತೆ: "ನಿನ್ನ ಕೈ ಇರುವ ಹಂಚು ಲೈಟ್‌ಹೌಸ್‌ನವರ ಮನೆಯ ಮಾಡಿನಲ್ಲಿ ಉಂಟು. ದಿನಾ ಅದರ ಮೇಲೆ ಬೆಳಕು ಬೀಳ್ತದೆ."

"ನಿಜವಾ?"

"ಉಂಟು, ಉಂಟು."

ಅಷ್ಟೇ. ಆ ಒಂದು ಮಾತನ್ನು ಹಮೀದಾಕ ಜೀವನಪೂರ್ತಿ ಕಾಪಾಡಿಕೊಂಡು ಬಂದರು. ಹೋಟೆಲಿನಲ್ಲಿ ಚಾ ಕುಡಿಯುವವರೆಲ್ಲ ಕಾಲೆಳೆದರು. ಇವರು ನಕ್ಕು ಇನ್ನೊಂದು ಚಾ ಹೇಳಿದರು.

ದ್ವೀಪ ತಲುಪಿದಾಗ ಮಧ್ಯಾಹ್ನ. ತೆಂಗಿನ ಮರಗಳ ನಡುವೆ ಬೆಳ್ಳಗಿನ ಗೋಪುರ. ಲೈಟ್‌ಹೌಸ್‌ನವರ ಮನೆ ಎತ್ತರದ ಗೋಡೆಯ ಆಚೆ, ಒಳಗೆ ಯಾರನ್ನೂ ಬಿಡುವುದಿಲ್ಲ. ಗೋಪುರ ಹತ್ತಬಹುದು. ಹಮೀದಾಕ ಮೊದಲ ಮೆಟ್ಟಿಲಿಗೇ ಕೂತುಬಿಟ್ಟರು. "ನೀವು ಹೋಗಿ ನೋಡಿ ಮಾಷ್ಟ್ರೇ."

ಸುತ್ತಿ ಸುತ್ತಿ ಹತ್ತಿದೆ. ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ದಡದ ಹತ್ತಿರ ಹಸಿರು ನೀರು, ಆಚೆಗೆ ನೀಲಿ, ಇನ್ನೂ ಆಚೆಗೆ ಆಕಾಶವೋ ಸಮುದ್ರವೋ ತಿಳಿಯುವುದಿಲ್ಲ. ಎಚ್ಚರವಿದ್ದೂ ಕನಸು ಕಾಣುವುದು ಅಂದರೆ ಇದೇ ಇರಬೇಕು. ನಾನು ಯಾಕೆ ಹತ್ತಿದೆ ಎಂಬುದೂ ಮರೆತಿತ್ತು.

"ಮಾಷ್ಟ್ರೇ, ಹಂಚಿನ ಮಾಡು ಕಾಣ್ತದಾ?" ಮೆಟ್ಟಿಲಿನಿಂದ ಎದ್ದು ಹೊರಗೆ ಬಂದಿದ್ದ ಹಮೀದಾಕ ಕೆಳಗಿನಿಂದ ಕೂಗಿದರು.

ಬಗ್ಗಿ ನೋಡಿದೆ. ಗೋಡೆಯ ಆಚೆ ಕಾಂಕ್ರೀಟ್ ತಾರಸಿ. ಅದರ ಮೇಲೊಂದು ಕಪ್ಪು ನೀರಿನ ಟ್ಯಾಂಕ್. ಒಂದು ಹಂಚಿನ ಚೂರೂ ಇಲ್ಲ. ಕೆಳಗೆ ಹಣೆಗೆ ಕೈ ಅಡ್ಡ ಹಿಡಿದು ನಿಂತ ಮುದುಕ. ನೀವಾದರೆ ಏನು ಹೇಳುತ್ತಿದ್ದಿರಿ?

"ಉಂಟು, ಉಂಟು," ಎಂದು ಕೂಗಿದೆ.

ವಾಪಸು ಬರುವಾಗ ಹಡಗಿನ ಡೆಕ್ಕಿನಲ್ಲಿ ಹಮೀದಾಕ ದ್ವೀಪದ ಕಡೆಗೇ ನೋಡುತ್ತಿದ್ದರು. ದ್ವೀಪ ಒಂದು ಚುಕ್ಕಿಯಾದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನೀವೂ 'ಉಂಟು' ಅಂತ ಎರಡೆರಡು ಸಲ ಹೇಳಿದಿರಿ ಮಾಷ್ಟ್ರೇ. ನಮ್ಮ ತಂದೆಯೂ ಹಾಗೆಯೇ. ನಿಜ ಹೇಳುವಾಗ ಅವರು ಒಂದೇ ಸಲ ಹೇಳುವುದು."

ಅವರು ನಗುತ್ತಿದ್ದರು.

ಸುಳ್ಳೆಂದು ಗೊತ್ತಿದ್ದೂ ಅದನ್ನು ಇನ್ನೊಮ್ಮೆ ಕೇಳುವುದಕ್ಕೆ ಸಮುದ್ರ ದಾಟುವಷ್ಟು ಪ್ರೀತಿ ನಮ್ಮಲ್ಲಿ ಎಷ್ಟು ಜನರಿಗೆ ಉಂಟು?