ಇವ್ಳು ನಮ್ಮೋಳಲ್ಲ

ಡಿಮೆನ್ಷಿಯಾ ಎಂಬ ವರ್ಡ್ ಆಗಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ತುಮಕೂರಿನ ಡಾಕ್ಟರು "ಅರಳುಮರಳು ಕಣಮ್ಮ" ಎಂದು ಟಾನಿಕ್ ಬರೆದುಕೊಟ್ಟಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಗುಬ್ಬಿಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ನನ್ನ ಅತ್ತೆ, ಮಾವ ತೀರಿಕೊಂಡ ಮೇಲೆ ತುಮಕೂರಿನಲ್ಲಿ ನಮ್ಮ ಜೊತೆಗಿದ್ದರು. ಬರಬರುತ್ತಾ ಅವರ ತಲೆಯಿಂದ ಗುಬ್ಬಿ ಪೂರ್ತಿ ಅಳಿಸಿಹೋಗಿ, ಕುಣಿಗಲ್ಲಿನ ತವರು ಮಾತ್ರ ಉಳಿಯಿತು. "ಅವ್ವ ಕಾಯ್ತಾ ಇರ್ತಾಳೆ, ಕಳಿಸ್ಬುಡಿ" ಎಂದು ದಿನವೂ ಬೇಡುತ್ತಿದ್ದರು. ಅಲ್ಲಿ ಅವರ ತಮ್ಮನ ಮನೆಯಿತ್ತು. ಒಂದು ಸಲ ತೋರಿಸಿದರೆ ಪೀಸ್‌ಫುಲ್ ಆಗಿರುತ್ತಾರೇನೋ ಎಂದು ಒಂದು ಶನಿವಾರ ಬೆಳಗಿನ ಬಸ್ಸಿಗೆ ಕರೆದುಕೊಂಡು ಹೊರಟೆ.

ಹೆಬ್ಬೂರಿನಲ್ಲಿ ಟೈರು ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ಎಷ್ಟು ಹೊತ್ತಾಗುತ್ತದೆಂದು ಕಂಡಕ್ಟರನ್ನು ಕೇಳಿ ತಿರುಗುತ್ತೇನೆ, ಅತ್ತೆ ಇಲ್ಲ!

ಹೋಟೆಲಿನೊಳಗೆ ಇಣುಕಿದೆ. ಬಾವಿಯೊಳಗೂ ಇಣುಕಿದೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಬಾಯಿಗೆ ಬಂದು ಅರ್ಧಕ್ಕೇ ನಿಂತಿತು. ಗಂಡನಿಗೆ ಏನೆಂದು ಹೇಳಲಿ?

ಹಿಂದಿನ ಬೀದಿಯ ಒಂದು ಜಗಲಿಯ ಮೇಲೆ ಸಿಕ್ಕರು. ಪಕ್ಕದಲ್ಲಿ ಮನೆಯೊಡತಿ ಕೂತು ರಾಗಿ ಕೇರುತ್ತಿದ್ದಳು.

"ಅತ್ತೆ, ಬನ್ನಿ, ಬಸ್ ಹೊರಡುತ್ತೆ."

ಅತ್ತೆ ಆಕೆಯ ಬೆನ್ನ ಹಿಂದೆ ಸರಿದರು. "ಇವ್ಳು ನಮ್ಮೋಳಲ್ಲ ಕಣವ್ವ. ಯಾವಳೋ ಮೇಡಮ್ಮು. ಬೆಳಗ್ಗಿಂದ ನನ್ ಹಿಂದೇನೇ ಸುತ್ತಾವ್ಳೆ."

ಆಕೆ ನನ್ನ ಹ್ಯಾಂಡ್‌ಬ್ಯಾಗನ್ನೂ ಕತ್ತರಿಸಿದ ಕೂದಲನ್ನೂ ನೋಡಿದಳು. "ಅತ್ತೆ ಅಂತೀಯ. ಗಂಡನ ಹೆಸ್ರೇನು?"

ಥಟ್ಟನೆ ಹೇಳಿಬಿಟ್ಟೆ, ರೋಲ್ ಕಾಲ್‌ಗೆ ಉತ್ತರಿಸಿದ ಹಾಗೆ, ಇನಿಷಿಯಲ್ ಸಮೇತ.

"ನೋಡ್ದಾ ಅಜ್ಜಿ! ಗಂಡನ ಹೆಸ್ರನ್ನ ಹಿಂಗೆ ಪಟ್ ಅಂತ ಒದರೋ ಸೊಸೆ ಯಾವ್ ಮನೇಲವ್ಳೆ? ನಿನ್ ಸರದ್ ಮೇಲೆ ಇವ್ಳ ಕಣ್ಣಿರ್ಬೇಕು ಕಣಜ್ಜಿ."

ನಾಚಿಕೊಳ್ಳಬೇಕಿತ್ತು, ಇನ್ನೊಬ್ಬರ ಬಾಯಲ್ಲಿ ಹೇಳಿಸಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಟೂ ಲೇಟ್. ಆಕೆ ಅತ್ತೆಗೂ ನನಗೂ ನಡುವೆ ಅಡ್ಡವಾಗಿ ಕೂತಳು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಅಜ್ಜಿ ನಾ ಕೊಟ್ಟ ಮಜ್ಗೆ ಕುಡೀದೆ ಹಂಗೇ ಹಿಡ್ಕೊಂಡವ್ಳೆ, ಪಾಪ," ಎಂದಳು ಅಷ್ಟರಲ್ಲಿ.

ಆಗ ನೋಡಿದೆ. ಅತ್ತೆ ಲೋಟ ಹಿಡಿದು ಏನೋ ಬಾಕಿಯಿರುವವರಂತೆ ಅತ್ತಿತ್ತ ಹುಡುಕುತ್ತಿದ್ದರು. ಲಿಂಗಪೂಜೆ! ಅದಾಗದೆ ಅವರು ನೀರೂ ಮುಟ್ಟುವವರಲ್ಲ. ಬಸ್ಸಿನ ಗಡಿಬಿಡಿಯಲ್ಲಿ ನಾನೇ ಮರೆತಿದ್ದೆ. ಒಂದು ಚೊಂಬು ನೀರು ಬೇಡಿ ತಂದೆ, ಬ್ಯಾಗಿನಿಂದ ವಿಭೂತಿ ತೆಗೆದೆ, ಮುಂದೆ ಕೂತೆ. ಅವರ ಕೊರಳಿನ ಲಿಂಗದ ಕರಡಿಗೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅತ್ತೆ ನನ್ನ ಮುಖ ನೋಡಲೇ ಇಲ್ಲ. ಕೈ ತೊಳೆಸಿಕೊಂಡು, ವಿಭೂತಿ ಧರಿಸಿ, ಲಿಂಗವನ್ನು ಎಡಗೈಯಲ್ಲಿಟ್ಟು ಅಂಗೈಯನ್ನು ನನ್ನತ್ತ ಚಾಚಿದರು. ನಾನು ಹನಿ ಹನಿಯಾಗಿ ನೀರು ಬಿಟ್ಟೆ. ಸಾಕಾದಾಗ ಅವರ ಹೆಬ್ಬೆರಳು ಅಲುಗುತ್ತದೆ, ಅಲುಗಿತು, ನಿಲ್ಲಿಸಿದೆ.

ಪೂಜೆ ಮುಗಿದು ಮಜ್ಜಿಗೆ ಖಾಲಿಯಾಯಿತು. ಮನೆಯೊಡತಿ ಮೊರ ಕೆಳಗಿಟ್ಟಳು. "ಇರ್ಲಿ, ಕರ್ಕೊಂಡ್ ಹೋಗು. ನಾನೂ ಬಸ್‌ಗಂಟ ಬರ್ತೀನಿ."

ಬಂದಳು. ಅತ್ತೆಯನ್ನು ಕೈಹಿಡಿದು ಹತ್ತಿಸಿದಳು. ಆಮೇಲೆ ನನಗೆ ಕೇಳಿಸುವಂತೆಯೇ ಕಂಡಕ್ಟರನಿಗೆ ಹೇಳಿದಳು: "ಅಜ್ಜೀನ ತವರ್‌ಮನೆಯೋರ ಕೈಗೇ ಒಪ್ಸಪ್ಪ. ಈಯಮ್ಮನ ಮೇಲೆ ಒಂದ್ ಕಣ್ಣಿಟ್ಟಿರು."

ಅವನು ಇಟ್ಟ. ಕುಣಿಗಲ್‌ವರೆಗೂ ಪ್ರತಿ ಸ್ಟಾಪಿನಲ್ಲಿ ತಿರುಗಿ ನೋಡಿದ. ಅತ್ತೆ ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದರು. ಎದ್ದಾಗ ನನ್ನನ್ನು ಯಾರೆನ್ನುತ್ತಾರೋ ಎಂಬ ಭಯಕ್ಕೆ ನಾನು ಅಲುಗಾಡದೆ ಕೂತಿದ್ದೆ.